ಚೀಲದಿಂದ ಕಪಾಟಿಗೆ: ಅಗಲ್ಪಾಡಿ ಕಡೆಯ ಮರಗೆಲಸದ ಉಪಕರಣಗಳ ಒಂದು ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂತ ಭಾವಿಸುತ್ತೇನೆ. ಇಲ್ಲಿ ಮಳೆ ಜೋರು. ನಡುವೆ ಕರೆಂಟು ಹೋದರೆ ದಯವಿಟ್ಟು ಎರಡು ನಿಮಿಷ ಕಾಯಿರಿ.

ನನ್ನ ವಿಷಯ ಒಂದು ಕಪಾಟು. ಪರದೆಯ ಮೇಲೆ ನೀವು ನೋಡುತ್ತಿರುವುದು ಅಗಲ್ಪಾಡಿಯಲ್ಲಿ ಒಬ್ಬ ಬಡಗಿ ತಮ್ಮ ಶೆಡ್ಡಿಗೋಸ್ಕರ ತಾವೇ ಮಾಡಿಕೊಂಡ ಉಪಕರಣದ ಕಪಾಟು. ಅಗಲ್ಪಾಡಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕ, ಮುಳ್ಳೇರಿಯದ ಕಡೆ ಬರುವ ಅಡಿಕೆ ತೋಟದ ಊರು. ಕಪಾಟು ಮಾಡಿದವರು ಹೆಸರು ಹಾಕುವುದು ಬೇಡ ಎಂದಿದ್ದಾರೆ. ಆದ್ದರಿಂದ ಈ ಪ್ರಬಂಧದ ಉದ್ದಕ್ಕೂ ಅವರು ಬರೀ ‘ಆಚಾರ್ರು’.

ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ, ಮುಚ್ಚಿದಾಗ ಒಂಬತ್ತು ಇಂಚು ಆಳ. ಚೌಕಟ್ಟು ಹಲಸಿನ ಮರದ್ದು. ಯಾರದೋ ಮನೆಯ ಬಾಗಿಲು ಮಾಡಿ ಉಳಿದ ತುಂಡುಗಳು ಅವು. ಎರಡು ಬಾಗಿಲುಗಳೂ ಮೂರು ಮೂರು ಇಂಚು ಆಳದ ತಟ್ಟೆಗಳ ಹಾಗಿವೆ, ಅವುಗಳ ಒಳಮೈಯಲ್ಲೂ ಉಪಕರಣ ತೂಗುತ್ತದೆ. ಅಷ್ಟು ಭಾರಕ್ಕೆ ಎರಡು ಬಿಜಾಗರಿ ಸಾಲುವುದಿಲ್ಲ ಎಂದು ಬಾಗಿಲಿಗೆ ಮೂರು ಮೂರು ಕೊಟ್ಟಿದ್ದಾರೆ. ಗರಗಸಗಳು ನೇರ ನಿಂತಿವೆ. ಕೀಸುಳಿಗಳು (ಘಟ್ಟದ ಮೇಲಿನವರು ಹತ್ತರಿ, ತೋಪಡ ಎನ್ನುತ್ತೀರಿ) ಸ್ವಲ್ಪ ಇಳಿಜಾರಾದ ಹಲಗೆಯ ಮೇಲೆ ಒರಗಿವೆ. ಉಳಿಗಳಿಗೆ ಅಗಲದ ಲೆಕ್ಕದಲ್ಲಿ ಕೊರೆದ ಸಾಲು. ಕೆಳಗೆ ಬ್ಯಾಟರಿ ಡ್ರಿಲ್ಲು, ಅದರ ಚಾರ್ಜರು.

ಇನ್ನೊಂದು ವಿಷಯ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ. ಕಪಾಟು ಗೋಡೆಗೆ ತಾಗಿಲ್ಲ. ಹಿಂದೆ ಒಂದು ಇಂಚಿನ ಪಟ್ಟಿ ಕೊಟ್ಟು ಗೋಡೆಯಿಂದ ದೂರ ನಿಲ್ಲಿಸಿದ್ದಾರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮುರಕಲ್ಲಿನ ಗೋಡೆ ಆಷಾಢದಲ್ಲಿ ನೀರು ಕುಡಿದು ಕುಳಿತಿರುತ್ತದೆ. ತಾಗಿದ ಹಲಗೆ ಬೂಸ್ಟು ಹಿಡಿಯುತ್ತದೆ, ಗೆದ್ದಲು ಹತ್ತುತ್ತದೆ, ಒಳಗಿನ ಉಕ್ಕಿಗೆ ತುಕ್ಕು. ಹಿಂಬದಿಯ ಹಲಗೆಯನ್ನೂ ಅಂಟು ಹಾಕಿ ಬಿಗಿದಿಲ್ಲ, ಚೌಕಟ್ಟಿನ ಗಾಡಿಯೊಳಗೆ ಸಡಿಲವಾಗಿ ಕೂರಿಸಿದ್ದಾರೆ. ಮಳೆಗಾಲದಲ್ಲಿ ಮರ ಅಗಲವಾಗುತ್ತದೆ, ಮಾರ್ಚಿನಲ್ಲಿ ಕುಗ್ಗುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಸೀಳುತ್ತದೆ. ಇದನ್ನು ಆಚಾರ್ರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ನನ್ನ ಪ್ರಶ್ನೆ. ಇಷ್ಟು ಸಹಜವಾಗಿ ಕಾಣುವ ಈ ವಸ್ತು ಅವರ ತಂದೆಯ ಹತ್ತಿರ ಇರಲಿಲ್ಲ, ಅಜ್ಜನ ಹತ್ತಿರವೂ ಇರಲಿಲ್ಲ. ಅವರಿಬ್ಬರಿಗೆ ಇದ್ದದ್ದು ಒಂದು ಗೋಣಿಚೀಲ. ಕಪಾಟು ಮಾಡುವ ಕೈ ಅವರಿಗೆ ಇರಲಿಲ್ಲವೇ? ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಅಕ್ಕಿ ತುಂಬುವ ಪತ್ತಾಯ, ಕಳೆಂಬಿ, ದೇವಸ್ಥಾನದ ಭಂಡಾರದ ಪೆಟ್ಟಿಗೆ, ಯಕ್ಷಗಾನ ಮೇಳದ ವೇಷದ ಪೆಟ್ಟಿಗೆ, ಇವೆಲ್ಲ ಅಂಥವರ ಕೈಯ ಕೆಲಸಗಳೇ. ಊರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟವರು ತಮ್ಮ ಉಳಿಯನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ನಡೆದರು. ಯಾಕೆ?

ಮೊದಲು ಶಬ್ದಗಳನ್ನು ಸ್ವಲ್ಪ ನೋಡೋಣ. ‘ಪೆಟ್ಟಿಗೆ’ ನಮ್ಮಲ್ಲಿ ಹಳೆಯ ಮಾತು. ನಿಂತಿರುವ, ಬಾಗಿಲಿರುವ ವಸ್ತುವಿಗೆ ಬಂದಾಗ ಮಾತು ಹೊರಗಿನಿಂದ ಬರುತ್ತದೆ. ‘ಅಲಮಾರು’ ಪೋರ್ಚುಗೀಸರಿಂದ ಬಂದದ್ದು. ಈಗ ಹೇಳಿದ ‘ಬಿಜಾಗರಿ’ ಕೂಡ ಅವರದೇ. ‘ಕಪಾಟ’ ಎಂದರೆ ಸಂಸ್ಕೃತದಲ್ಲಿ ಬಾಗಿಲು ಅಷ್ಟೆ. ಶಬ್ದದಿಂದ ಚರಿತ್ರೆಯನ್ನೇ ಕಟ್ಟುವ ಚಟ ಒಳ್ಳೆಯದಲ್ಲ, ನನಗೂ ಗೊತ್ತು. ಆದರೂ ಇಲ್ಲಿ ಒಂದು ಸೂಚನೆ ಉಂಟು.

ನಿಜವಾದ ಕಾರಣ ಕೆಲಸದ ಜಾಗದಲ್ಲಿದೆ. ಮರ ಯಜಮಾನನದು, ಉಪಕರಣ ಆಚಾರಿಯದು, ಕೆಲಸ ಯಜಮಾನನ ಅಂಗಳದಲ್ಲಿ. ತೋಟದ ಮನೆ ಕಟ್ಟುವಾಗ ಮರ ಕಡಿದು, ಕೊಯ್ದು, ಒಣಗಿಸಿ, ಮೇಲ್ಮಾಡು ಏರಿಸುವ ತನಕ ತಿಂಗಳುಗಟ್ಟಲೆ ಅವರು ಅಲ್ಲಿಗೇ ಬರುತ್ತಿದ್ದರು. ಒಂದು ಮನೆ ಮುಗಿದರೆ ಇನ್ನೊಂದು ಅಂಗಳ. ಹೀಗೆ ತಿರುಗುವವನಿಗೆ ಗೋಡೆಯ ಕಪಾಟು ಯಾವ ಗೋಡೆಗೆ?

ಎರಡನೆಯ ಕಾರಣ ಕೂರುವ ರೀತಿ. ನಮ್ಮ ಬಡಗಿ ನೆಲದ ಮೇಲೆ ಕೂತು ಕೆಲಸ ಮಾಡಿದವನು. ಹಲಗೆಯನ್ನು ಪಾದದಿಂದ ಒತ್ತಿ ಹಿಡಿಯುತ್ತಾನೆ, ಅವನಿಗೆ ಕಾಲೇ ವೈಸು. ಉಪಕರಣಗಳು ಸುತ್ತ ಅರ್ಧ ಚಂದ್ರಾಕಾರದಲ್ಲಿ ನೆಲದ ಮೇಲೆ ಹರಡಿರುತ್ತವೆ, ಕೈ ಚಾಚಿದರೆ ಸಿಗಬೇಕು. ಕಣ್ಣಿನ ಎತ್ತರದ ಕಪಾಟು ಉಪಯೋಗಕ್ಕೆ ಬರುವುದು ನಿಂತು ಕೆಲಸ ಮಾಡುವವನಿಗೆ. ಅಂದರೆ ಕಪಾಟಿಗೂ ಮೊದಲು ಎತ್ತರದ ಬೆಂಚು ಬರಬೇಕು.

ಯುರೋಪಿನಲ್ಲಿ ಇದು ಬೇಗ ಆಯಿತು. ಇಂಗ್ಲೆಂಡಿನ ಬೆಂಜಮಿನ್ ಸೀಟನ್ ಎಂಬ ಯುವಕನಿಗೆ ತಂದೆ ಉಪಕರಣಗಳ ಪೂರ್ತಿ ಸೆಟ್ಟು ಕೊಡಿಸಿದರು, 1797ರಲ್ಲಿ ಅವನು ಅದಕ್ಕೊಂದು ಪೆಟ್ಟಿಗೆ ಮಾಡಿಕೊಂಡ. ಅದು ಈಗಲೂ ರೋಚೆಸ್ಟರಿನ ಮ್ಯೂಸಿಯಮ್ಮಿನಲ್ಲಿದೆ, ಖರೀದಿಯ ಪಟ್ಟಿಯ ಸಮೇತ. ಅಮೆರಿಕದಲ್ಲಿ ಪಿಯಾನೊ ಮಾಡುತ್ತಿದ್ದ ಹೆನ್ರಿ ಸ್ಟಡ್ಲಿ (1838–1925) ಎಂಬವರ ಗೋಡೆ ಕಪಾಟಂತೂ ಮರಗೆಲಸದವರ ನಡುವೆ ತೀರ್ಥಕ್ಷೇತ್ರದ ಹಾಗೆ. ಮುಚ್ಚಿದರೆ ಸುಮಾರು ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಅಷ್ಟರೊಳಗೆ ಸುಮಾರು ಮುನ್ನೂರು ಉಪಕರಣ. ನೋಡಲು ಬಹಳ ಚೆಂದ. ನಮ್ಮ ಆಚಾರ್ರಿಗೆ ಫೋಟೊ ತೋರಿಸಿದೆ. ಅವರು ಸುಮಾರು ಹೊತ್ತು ನೋಡಿ, “ಇದರಲ್ಲಿ ಒಂದು ಉಳಿ ತೆಗೆಯಬೇಕಾದರೆ ಎಷ್ಟನ್ನು ಸರಿಸಬೇಕು?” ಎಂದು ಕೇಳಿದರು. ಉತ್ತರ ಹೇಳಲಿಕ್ಕೆ ನನಗೆ ಆಗಲಿಲ್ಲ.

ಬೆಂಚು ನಮ್ಮ ಕರಾವಳಿಗೆ ಬಂದದ್ದು ಹೇಗೆ? ರೂಢಿಯ ಉತ್ತರ: ಮಿಷನ್, ಮತ್ತು ಸರಕಾರಿ ಶಾಲೆ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಕಲಾಶಾಲೆ ತೆರೆದರು, ಮರುವರ್ಷ ಕೈಗಾರಿಕೆಯ ವಿಭಾಗವನ್ನೂ ಸೇರಿಸಿದರು. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಅವರ ಹಂಚಿನ ಕಾರ್ಖಾನೆ 1865ರದು. ಕಾರ್ಖಾನೆ ಶಿಸ್ತು, ಗಂಟೆ, ಹಾಜರಿ ಎಲ್ಲ ಇಲ್ಲಿಂದ ಆರಂಭ ಎಂದು ನಾವು ಪಾಠ ಮಾಡುತ್ತೇವೆ.

ನಾನು ಇಲ್ಲಿ ಸ್ವಲ್ಪ ಬೇರೆ ಹೇಳಬೇಕು ಎಂದಿದ್ದೇನೆ. ಮಂಗಳೂರು ಹಂಚು ಒಳನಾಡಿನ ಬಡಗಿಯನ್ನು ಶೆಡ್ಡಿಗೆ ಕರೆದುಕೊಂಡು ಹೋಗಲಿಲ್ಲ, ಅಂಗಳಕ್ಕೇ ಇನ್ನಷ್ಟು ಗಟ್ಟಿಯಾಗಿ ಕಟ್ಟಿಹಾಕಿತು. ಮುಳಿಹುಲ್ಲಿನ ಮಾಡಿಗೆ ಪಕ್ಕಾಸು ನಾಲ್ಕು ಬೆರಳು ಆಚೀಚೆಯಾದರೂ ನಡೆಯುತ್ತದೆ. ಹಂಚಿಗೆ ಹಾಗಲ್ಲ. ಹಂಚೆಲ್ಲ ಒಂದೇ ಅಚ್ಚಿನವು, ಆದ್ದರಿಂದ ರೀಪಿನಿಂದ ರೀಪಿಗೆ ಅಂತರವೂ ಒಂದೇ ಇರಬೇಕು, ಪಕ್ಕಾಸಿನ ಮೇಲ್ಮೈ ಒಂದೇ ಮಟ್ಟದಲ್ಲಿರಬೇಕು. ಇಲ್ಲದಿದ್ದರೆ ಸೋರುತ್ತದೆ. ಹೀಗೆ ಹಂಚು ಬಂದ ಮೇಲೆ ಅಳತೆಯ ಕೆಲಸ ಹೆಚ್ಚಾಯಿತು, ಮರದ ಕೆಲಸವೂ ಹೆಚ್ಚಾಯಿತು. ಅದು ಮನೆಯ ಮೇಲೆಯೇ ಆಗಬೇಕಾದ ಕೆಲಸ. ಶೆಡ್ಡಿನಲ್ಲಿ ಕೂತು ಮಾಡು ಏರಿಸಲಿಕ್ಕೆ ಆಗುವುದಿಲ್ಲ ಅಲ್ವಾ? ಪಟ್ಟಣದ ಶಾಲೆಯಲ್ಲಿ ಬೆಂಚು, ಕಪಾಟು ಎಲ್ಲ ಇದ್ದರೂ ಅದು ಅಗಲ್ಪಾಡಿಯಂಥ ಊರಿಗೆ ಹರಿದು ಬರದೆ ಇದ್ದದ್ದಕ್ಕೆ ಇದೇ ಕಾರಣ ಎಂಬುದು ನನ್ನ ವಾದ. ಬಡಗಿಗಳು ಹಳಬರು, ಹೊಸತನ್ನು ಒಪ್ಪದವರು ಎಂಬ ವಿವರಣೆ ನನಗೆ ಸೋಮಾರಿತನದ್ದು ಅನಿಸುತ್ತದೆ.

ಹಾಗಾದರೆ ಅಂಗಳದಿಂದ ಅವರನ್ನು ಎಬ್ಬಿಸಿದ್ದು ಯಾವುದು? ಕಾಂಕ್ರೀಟು. ಎಪ್ಪತ್ತರ ದಶಕದ ನಂತರ ಗಲ್ಫಿನ ಹಣ ಬಂತು, ಅಡಿಕೆಗೂ ಒಳ್ಳೆಯ ಧಾರಣೆ ಬಂದ ವರ್ಷಗಳಿದ್ದವು, ತಾರಸಿ ಮನೆಗಳೆದ್ದವು. ಮಾಡು ಹೋಯಿತು. ಮಾಡಿನ ಜೊತೆಗೆ ತೊಲೆ, ಜಂತಿ, ಪಕ್ಕಾಸು ಎಲ್ಲ ಹೋದವು. ಮರಕ್ಕೆ ಉಳಿದದ್ದು ಬಾಗಿಲು, ಕಿಟಕಿ, ಮಂಚ, ಮೇಜು. ಇವನ್ನು ಬೇರೆ ಕಡೆ ಮಾಡಿ ಪಿಕಪ್ಪಿನಲ್ಲಿ ತರಬಹುದು. ಅಷ್ಟರಲ್ಲಿ ಊರಿಗೆ ವಿದ್ಯುತ್ತು ಬಂದಿತ್ತು. ಯಂತ್ರದ ಗರಗಸ, ಯಂತ್ರದ ಕೀಸುಳಿಯನ್ನು ಹೆಗಲ ಮೇಲೆ ಹೊರುವವರು ಯಾರು? ಯಂತ್ರ ಇದ್ದಲ್ಲಿಗೆ ಮರ ಬಂತು. ನೆಲದ ಮೇಲೆ ಕೂತವರು ಎದ್ದು ನಿಂತರು. ಆಗ ಕಪಾಟು ಬಂತು.

ನಮ್ಮ ಮನೆಯ ಮಾತಿನಲ್ಲೇ ಈ ಬದಲಾವಣೆ ಉಂಟು. ನಾನು ಚಿಕ್ಕವನಿದ್ದಾಗ ನಮ್ಮಲ್ಲಿ “ಆಚಾರಿ ಬಂದ, ಚಾಯ ಕೊಡಿ” ಎನ್ನುತ್ತಿದ್ದರು. ಚಾಯ ಜಗಲಿಯ ಕೆಳಗೆ. ಅಜ್ಜನ ವಯಸ್ಸಿನವರಿಗೂ ಏಕವಚನ. ಶೆಡ್ಡು ಆದ ಮೇಲೆ ನಾವೇ ಅಲ್ಲಿಗೆ ಹೋಗಬೇಕು, ಅವರಿಗೆ ಬಿಡುವು ಇದ್ದಾಗ ಮಾತಾಡಬೇಕು. ಅಪ್ಪನೇ ಫೋನಿನಲ್ಲಿ “ಆಚಾರ್ರೇ, ನಾಳೆ ಬರಲಾ?” ಎಂದು ಕೇಳಿದ್ದನ್ನು ನಾನು ಕೇಳಿದ್ದೇನೆ. ಅಂಗಳದ ಕೆಲಸವನ್ನು ನೆನೆದು ನಾವು ಮರುಗುವಾಗ ಇದನ್ನು ಮರೆಯಬಾರದು. ಮರುಗುವವರು ಹೆಚ್ಚಾಗಿ ಜಗಲಿಯ ಮೇಲೆ ಕೂತವರು. ನಾನೂ ಅವರಲ್ಲೊಬ್ಬ.

ಚೀಲದ ಇನ್ನೊಂದು ಗುಣ, ಅದು ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಸರಕಾರವೂ ಒಮ್ಮೆ ಇದಕ್ಕೆ ಕೈ ಹಾಕಿತು. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು: ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ತಂದೆತಾಯಿಯ ಕಸುಬು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಆದ್ದರಿಂದ ಆಗ ನಾವೂ ಮದ್ರಾಸಿನವರೇ. ಇದು ಕುಲಕಸುಬಿನ ಶಿಕ್ಷಣ ಎಂದು ದೊಡ್ಡ ವಿರೋಧ ಬಂತು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾದ ಮೇಲೆ ಯೋಜನೆ ನಿಂತಿತು. ಬಡಗಿಯ ಮಗ ಮಧ್ಯಾಹ್ನ ಚೀಲದ ಹತ್ತಿರ ಹೋಗಬೇಕು, ತೋಟದ ಯಜಮಾನನ ಮಗ ತೋಟಕ್ಕೆ. ಕಸುಬಿಗೆ ಗೌರವ ಎಂದರೂ ಅದರ ಫಲ ಯಾರಿಗೆ ಏನಾಗುತ್ತಿತ್ತು ಎಂದು ಆಗಿನವರು ಸರಿಯಾಗಿಯೇ ಕಂಡಿದ್ದರು.

ಕಪಾಟಿಗೆ ವಂಶ ಇಲ್ಲ. ಈ ಶೆಡ್ಡಿನಲ್ಲಿ ಈಗ ನಾಲ್ವರು ಕೆಲಸದವರು. ಇಬ್ಬರು ಉತ್ತರ ಭಾರತದಿಂದ ಬಂದವರು, ಒಬ್ಬ ಮಲಯಾಳಿ, ಇನ್ನೊಬ್ಬನ ಮನೆಮಾತು ತುಳು. ಯಾರೂ ಸ್ವಂತ ಉಪಕರಣ ತರುವುದಿಲ್ಲ. ಕಪಾಟಿನ ಹಲಗೆಯ ಮೇಲೆ ಪ್ರತಿ ಉಪಕರಣದ ಹಿಂದೆ ಅದರದೇ ಆಕಾರದ ಕಪ್ಪು ನೆರಳು ಬಳಿದಿದ್ದಾರೆ, ನೋಡಿ. ಇದು ಅಲಂಕಾರ ಎಂದು ನಾನು ಮೊದಲು ತಿಳಿದಿದ್ದೆ. ಆಚಾರ್ರು ಹೇಳಿದ್ದು ಬೇರೆ. ‘ಮೂಲೆಮಟ್ಟ ಅಲ್ಲಿಡು’ ಎಂದು ನಾಲ್ಕು ಭಾಷೆಯಲ್ಲಿ ಹೇಳುವುದಕ್ಕಿಂತ ಬಣ್ಣ ಬಳಿಯುವುದು ಸುಲಭ. ಜೊತೆಗೆ, ಸಂಜೆ ಬೀಗ ಹಾಕುವ ಮೊದಲು ಒಂದು ನೆರಳು ಖಾಲಿ ಕಂಡರೆ ಏನು ಇಲ್ಲ ಎಂದು ಕೂಡಲೇ ಗೊತ್ತಾಗುತ್ತದೆ. ಚೀಲಕ್ಕೆ ಬೀಗ ಇರಲಿಲ್ಲ. ಅವನ ಉಪಕರಣ ಅವನ ಹೆಗಲ ಮೇಲೆ, ಜಗಳವಾದರೆ ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಈಗಿನ ಕೆಲಸದವನು ಬರುವುದೂ ಬರಿಗೈಯಲ್ಲಿ, ಹೋಗುವುದೂ ಬರಿಗೈಯಲ್ಲಿ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆಂದು 15,000 ರೂಪಾಯಿ ತನಕ ಕೊಡುತ್ತಾರೆ, ಹದಿನೆಂಟು ಕಸುಬುಗಳಲ್ಲಿ ಬಡಗಿಯದೂ ಒಂದು. ಅದರ ಕಲ್ಪನೆಯಲ್ಲಿರುವುದು ಸ್ವಂತ ಉಪಕರಣದ, ಸ್ವಂತ ಕಸುಬಿನ ಮನುಷ್ಯ. ಈ ಶೆಡ್ಡಿನ ನಾಲ್ವರನ್ನು ಆ ಕಲ್ಪನೆಯೊಳಗೆ ಎಲ್ಲಿ ಕೂರಿಸುವುದು ಎಂದು ನನಗೆ ತಿಳಿಯುವುದಿಲ್ಲ.

ಕಪಾಟಿನ ಹೊರಗೆ ಬಲಬದಿಗೆ ಮೊಳೆಗೆ ಸಿಕ್ಕಿಸಿದ ಒಂದು ಬಾಚಿ ಕಾಣುತ್ತದಲ್ಲ, ಅದು ತಂದೆಯದು. ತಲೆ ಬಾಗಿದ್ದು, ಒಂಬತ್ತು ಇಂಚಿನ ಆಳಕ್ಕೆ ಹಿಡಿಯಲಿಲ್ಲ. ಕೆಲಸಕ್ಕೂ ಈಗ ಬೇಡ. ಆಯುಧಪೂಜೆಗೆ ಮಾತ್ರ ಅದನ್ನೂ ಇಳಿಸಿ ತೊಳೆದು, ಉಳಿದವುಗಳ ಜೊತೆ ಮಣೆಯ ಮೇಲೆ ಇಟ್ಟು ಗಂಧ ಹಚ್ಚುತ್ತಾರೆ.

ಚಾಟಿನಲ್ಲಿ ಒಂದು ಪ್ರಶ್ನೆ ಬಂದಿದೆ, ಓದುತ್ತೇನೆ: “ಸರ್, ಇದಕ್ಕೆ ದಾಖಲೆ ಏನು? ಒಂದು ಕಪಾಟಿನಿಂದ ಇಷ್ಟು ಹೇಳಬಹುದೇ?” ಸರಿಯಾದ ಪ್ರಶ್ನೆ. ಹಳೆಯ ಮನೆಗಳ ಲೆಕ್ಕದ ಪುಸ್ತಕದಲ್ಲಿ ಆಚಾರಿಗೆ ಕೊಟ್ಟ ಕೂಲಿ ಸಿಗುತ್ತದೆ, ಅವನ ಚೀಲದಲ್ಲಿ ಏನಿತ್ತು ಎಂದು ಸಿಗುವುದಿಲ್ಲ. ಲೆಕ್ಕ ಬರೆದವರಿಗೆ ಅದು ಬೇಕಿರಲಿಲ್ಲ. ಸೀಟನ್‌ನ ಖರೀದಿ ಪಟ್ಟಿ ಉಳಿದ ಹಾಗೆ ನಮ್ಮಲ್ಲಿ ಉಳಿದಿಲ್ಲ. ನಮಗೆ ದಾಖಲೆ ಎಂದರೆ ವಸ್ತುವೇ. ಹಿಡಿಯ ಸವೆತ, ಹಳೆಯ ಅರವನ್ನು ಕಾಸಿ ಉಳಿ ಮಾಡಿದ್ದರೆ ಅದರ ಮೈಮೇಲೆ ಉಳಿದ ಹಲ್ಲಿನ ಗುರುತು, ಕೋಲಿನ ಮೇಲೆ ಕೊರೆದ ಅಂಗುಲದ ಗೆರೆ. ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಕೋಲು, ಸುಮಾರು 72 ಸೆಂಟಿಮೀಟರ್. ನಿಮ್ಮ ಊರಿನ ಕೋಲು ಅಷ್ಟೇ ಇದೆಯೋ, ಒಂದು ಕೂದಲೆಳೆ ಹೆಚ್ಚೋ ಕಡಿಮೆಯೋ, ಅಳೆದು ನೋಡಿ. ಇವೆಲ್ಲ ತೂಕಕ್ಕೆ ಗುಜರಿಗೆ ಹೋಗುತ್ತಿವೆ. ರಜೆಯಲ್ಲಿ ಊರಿಗೆ ಹೋದವರು ಒಂದು ಚೀಲ ಬಿಚ್ಚಿಸಿ, ಮಾಲೀಕರ ಒಪ್ಪಿಗೆ ತೆಗೆದುಕೊಂಡು, ಪಟ್ಟಿ ಮಾಡಿ, ಅಳತೆ ಬರೆದು ತಂದರೆ ನಾವು ಮುಂದಿನ ಸಲ ಹೋಲಿಸಿ ಮಾತಾಡಬಹುದು. ಅಗಲ್ಪಾಡಿಯ ಚೀಲದ ಪಟ್ಟಿ ನನ್ನ ಹತ್ತಿರ ಉಂಟು, ಒಟ್ಟು ಹತ್ತೊಂಬತ್ತು ವಸ್ತು. ಗುಂಪಿಗೆ ಹಾಕುತ್ತೇನೆ.

ಇನ್ನೊಬ್ಬರು ಕೈ ಎತ್ತಿದ್ದಾರೆ. ಹೇಳಿ ಮೇಡಂ, ನಿಮ್ಮ ಮೈಕು ಆನ್ ಮಾಡಿ.