ಕನ್ನಡದಲ್ಲಿ ಗ್ರೀಕರ ಪ್ರಣಯಕಥೆಗಳು

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ, ಹೆಮ್ಮಿಗೆಯಂತಹ ಹಳ್ಳಿಗಳ ಜನರಿಗೆ ದೇವತೆಗಳ ಪ್ರಣಯವೆಂಬುದು ಪರದೇಶದ ಸರಕಲ್ಲ. ಕಪಿಲೆಯ ದಡದ ನಂಜುಂಡನು ಬೆಟ್ಟದ ಚಾಮುಂಡಿಗೆ ಮನಸೋತುದೂ, ಮಡದಿಯರು ಮುನಿದುದೂ ಈ ಪ್ರಾಂತದ ಜನಪದ ಗಾಯಕರು ಹಾಡಿಕೊಂಡು ಬಂದ ಕಥೆ. ಸ್ಯೂಸ್ ದೇವನ ಚಾಪಲ್ಯವನ್ನೂ ಹೀರಾದೇವಿಯ ಅಸೂಯೆಯನ್ನೂ ಕೇಳಿದರೆ ಇಲ್ಲಿಯ ಹಿರಿಯರು ಹುಬ್ಬೇರಿಸುವುದಕ್ಕೆ ಕಾರಣವೇ ಇಲ್ಲ. ಆದರೂ ಗ್ರೀಕ್ ಕಥಾಸಂಪತ್ತು ಕನ್ನಡಕ್ಕೆ ಇಳಿದಾಗ ಮೊದಲು ಬಂದುದು ರೋಷ, ವೀರ, ಶೋಕಗಳು. ಶೃಂಗಾರವು ಬಹುಕಾಲ ಹೊರಗೇ ನಿಂತಿತು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಸಾಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಎಂಬ ಹೆಸರಿನಿಂದ ಮಹಾಭಾರತದ ಆವರಣಕ್ಕೆ ತಂದರು. 1935ರಲ್ಲಿ ಈಸ್ಕಿಲಸನ ಕೃತಿಯನ್ನು ‘ಪಾರಸಿಕರು’ ಎಂದು ಅನುವಾದಿಸಿದರು. ಎರಡೂ ಯುದ್ಧದ ಭಗ್ನಾವಶೇಷಗಳಿಂದ ಎದ್ದ ನಾಟಕಗಳು. ಮೊದಲನೆಯದರ ಗ್ರೀಕ್ ಮೂಲದಲ್ಲಿ ದಾಂಪತ್ಯದ ಒಂದು ಎಳೆಯುಂಟು: ಯುದ್ಧದಲ್ಲಿ ಸೆರೆಸಿಕ್ಕು, ತನ್ನನ್ನು ಗೆದ್ದವನನ್ನೇ ಆಶ್ರಯಿಸಿ ಬಾಳಿದ ಟೆಕ್ಮೆಸ್ಸಳು, ಆತನು ಸಾಯಹೊರಟಾಗ ತನಗೂ ಮಗುವಿಗೂ ಗತಿಯೇನೆಂದು ಬೇಡುವ ಸಂದರ್ಭ. ಗ್ರೀಕ್ ದುರಂತನಾಟಕವು ಪ್ರೇಮವನ್ನು ಕಂಡದ್ದು ಹೀಗೆ, ವಿಪತ್ತಿನ ಅಂಚಿನಲ್ಲಿ. ಕನ್ನಡಕ್ಕೆ ದೊರೆತ ಮೊದಲ ಪರಿಚಯವೂ ಅದೇ.

ಮುಂದಿನ ಘಟ್ಟದಲ್ಲಿ ಪೌರಾಣಿಕ ಉಡುಗೆ ಕಳಚಿತು. ಪಿ. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆಯರ ನಾಟಕಗಳನ್ನು ಹೆಸರು ಬದಲಿಸದೆ, ಆಡುಮಾತಿಗೆ ಹತ್ತಿರವಾದ ಗದ್ಯದಲ್ಲಿ ಕನ್ನಡಿಸಿದರು, ಬಿ. ವಿ. ಕಾರಂತರ ನಿರ್ದೇಶನದಲ್ಲಿ ಈಡಿಪಸನು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲುರಂಗದ ಮೇಲೆ ನಿಂತನು. ಅಂತಿಗೊನೆಯ ಶವದ ಬಳಿಯೇ ಪ್ರಾಣ ನೀಗುವ ಹೇಮಾನನ ಪ್ರೇಮಕ್ಕೆ ನಾಟಕದಲ್ಲಿ ಒಂದು ಮಾತಿನ ಸಲ್ಲಾಪವೂ ಇಲ್ಲ. ಪ್ರಣಯಿಗಳಿಬ್ಬರೂ ಒಮ್ಮೆಯೂ ರಂಗದ ಮೇಲೆ ಎದುರಾಗಿ ಮಾತನಾಡುವುದಿಲ್ಲ. ಕೆ. ಮರುಳಸಿದ್ದಪ್ಪನವರು ಅನುವಾದಿಸಿದ ‘ಮೀಡಿಯಾ’ದಲ್ಲಿ, ಒಲಿದು ಬಂದವನಿಂದಲೇ ಪರಿತ್ಯಕ್ತೆಯಾದ ಪರದೇಶದ ಹೆಣ್ಣು ಹೆತ್ತ ಮಕ್ಕಳನ್ನೇ ಕೊಲ್ಲುವಳು, ಕ್ರಿ.ಪೂ. 431ರ ಈ ಯೂರಿಪಿಡೀಸನ ಕೃತಿಯಲ್ಲಿ ಪ್ರಣಯವು ಕ್ರೋಧಕ್ಕೆ ಇಂಧನವಾಗಿದೆ.

ಶೃಂಗಾರವು ಒಳಬಂದದ್ದು ಬಳಸುದಾರಿಯಿಂದ. ರೋಮನ್ ಕವಿ ಓವಿಡನು ಹೇಳಿದ, ತಾನು ಕಡೆದ ಪ್ರತಿಮೆಗೆ ತಾನೇ ಮರುಳಾದ ಪಿಗ್ಮೇಲಿಯನ್ನನ ಕಥೆಯನ್ನು ಬರ್ನಾರ್ಡ್ ಷಾ ಲಂಡನ್ನಿನ ಭಾಷಾಶಾಸ್ತ್ರಜ್ಞನೊಬ್ಬನಿಗೂ ಹೂಮಾರುವ ಹುಡುಗಿಗೂ ಒಪ್ಪಿಸಿದನು. ಆ ನಾಟಕ ಮೊದಲು ಪ್ರದರ್ಶನಗೊಂಡುದು 1913ರಲ್ಲಿ. ಜಯಂತ ಕಾಯ್ಕಿಣಿಯವರು ಅದನ್ನು ‘ಸೇವಂತಿ ಪ್ರಸಂಗ’ವಾಗಿ ಕನ್ನಡಕ್ಕೆ ಒಗ್ಗಿಸಿದರು. ಮೂಲದ ಪ್ರತಿಮೆಗೆ ಜೀವವನ್ನಿತ್ತವಳು ಪ್ರೇಮದೇವತೆ. ಷಾನಲ್ಲಿ ಆ ಕೆಲಸವನ್ನು ಮಾಡುವುದು ಉಚ್ಚಾರಣೆಯ ಪಾಠ, ಜೀವ ಬಂದವಳು ಶಿಲ್ಪಿಗೇ ಎದುರಾಡುತ್ತಾಳೆ. ಆಧುನಿಕ ಪ್ರೇಕ್ಷಕನು ಒಪ್ಪುವ ಪರಿಷ್ಕಾರವಿದು.

ಇನ್ನುಳಿದುದು ಮುಕ್ತಾಯದ ಪ್ರಶ್ನೆ. ಹಾವು ಕಚ್ಚಿ ಮಡಿದ ಯೂರಿಡಿಸಿಯನ್ನು ಪಾತಾಳದಿಂದ ಕರೆತರುವ ಆರ್ಫಿಯಸನು ಹೊಸ್ತಿಲಲ್ಲಿ ಹಿಂದಿರುಗಿ ನೋಡಿ ಕಳೆದುಕೊಳ್ಳುವನು. ನಮ್ಮ ಆದಿಪರ್ವದ ರುರುವಾದರೋ, ಹಾಗೆಯೇ ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ತನ್ನ ಆಯುಸ್ಸಿನ ಅರ್ಧವನ್ನಿತ್ತು ಮರಳಿ ಪಡೆಯುವನು. ಸಾವಿತ್ರಿಯೂ ಯಮನಿಂದ ಗೆದ್ದೇ ಬರುವಳು. ಈ ಸಂಸ್ಕಾರದಲ್ಲಿ ಬೆಳೆದ ಲೇಖಕನಿಗೆ ಯೂರಿಡಿಸಿಯನ್ನೂ ಬದುಕಿಸಿಬಿಡುವ ಚಪಲ ಸಹಜವಾದರೂ, ಆಕೆ ಬದುಕಿದರೆ ಉಳಿಯುವುದು ರುರುವಿನ ಕಥೆಯೇ ಹೊರತು ಆರ್ಫಿಯಸನದಲ್ಲ. ಕೇಳುಗರು ವಿಯೋಗವನ್ನು ಸಹಿಸಲಾರರೆಂಬ ಅಂಜಿಕೆಗೂ ಆಧಾರವಿಲ್ಲ. ಒಲಿದ ಮೇಲೆಯೂ ಚಾಮುಂಡಿ ಬೆಟ್ಟದಲ್ಲಿ, ನಂಜುಂಡ ಹೊಳೆಯ ದಡದಲ್ಲಿ. ಈ ಅಗಲಿಕೆಯನ್ನು ಯಾರೂ ತಿದ್ದಹೋಗಿಲ್ಲ, ಹಾಡು ಕೇಳುವವರೂ ಎದ್ದು ಹೋಗಿಲ್ಲ. ಗ್ರೀಕ್ ಪ್ರಣಯಕಥೆಗೆ ಕನ್ನಡದ ಉಡುಗೆ ತೊಡಿಸುವವರು ಊರು ಹೆಸರುಗಳನ್ನು ಬದಲಿಸಲಿ, ನುಡಿಯನ್ನು ಬದಲಿಸಲಿ. ಅದರ ಕೊನೆಯನ್ನು ಮಾತ್ರ ಇದ್ದಂತೆಯೇ ಉಳಿಸುವ ಧೈರ್ಯವನ್ನು ನಂಜುಂಡನ ಕಥೆ ಹಾಡುವ ಜನಪದ ಗಾಯಕರಿಂದ ಕಲಿಯಬೇಕು.