ಗೋಡೆಯ ಕೋವಿ, ಕಿಸೆಯ ಪಿಸ್ತೂಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಅಡಿಕೆ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ಹಂದಿ, ಮಂಗಗಳ ಹಾವಳಿಯಿಂದ ಫಸಲನ್ನು ಕಾಪಾಡಿಕೊಳ್ಳಲು ಪರವಾನಗಿ ಪಡೆದು ಇಟ್ಟುಕೊಂಡ ಕೇಪಿನ ಕೋವಿ, ಒಂಟಿ ನಳಿಗೆಯ ಇಲ್ಲವೇ ಜೋಡು ನಳಿಗೆಯ ತೋಟೆ ಕೋವಿ ಇಲ್ಲಿ ಅನೇಕ ಮನೆಗಳಲ್ಲಿವೆ. ತುಳುವಿನಲ್ಲಿ ಇದಕ್ಕೆ 'ಬೆಡಿ' ಎಂದು ಹೆಸರು. ಜಾತ್ರೆಯ ಸಿಡಿಮದ್ದಿಗೂ ಅದೇ ಹೆಸರು; 'ಪುತ್ತೂರು ಬೆಡಿ' ಎಂಬ ಮಾತನ್ನು ಜಿಲ್ಲೆಯಲ್ಲಿ ಕೇಳದವರಿಲ್ಲ. ಕನ್ನಡದ 'ಕೋವಿ' ಎಂಬ ಶಬ್ದಕ್ಕೆ ಕೊಳವೆ ಎಂಬ ಅರ್ಥವೂ ಇದೆ. ಆದರೆ ಅಂಗೈಯಲ್ಲಿ ಅಡಗುವ ಸಣ್ಣ ಆಯುಧವನ್ನು ಮಾತ್ರ ನಾವು 'ಪಿಸ್ತೂಲು' ಎನ್ನುತ್ತೇವೆ. ಅದು ಯುರೋಪಿನಿಂದ ಬಂದ ಮಾತು. ಉದ್ದ ಕೋವಿ ನಮ್ಮ ಮಾತಿನೊಳಗೆ ಬೆರೆತುಹೋಯಿತು, ಕಿಸೆಯ ಪಿಸ್ತೂಲು ಹೊರಗಿನ ಹೆಸರಿನಲ್ಲೇ ಉಳಿಯಿತು. ಈ ವ್ಯತ್ಯಾಸದ ಹಿಂದೆ ಒಂದು ಇತಿಹಾಸವಿದೆ.

ಮೊದಲು ಕೋವಿಯ ಕಥೆಯನ್ನು ನೋಡೋಣ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಜಮಲಾಬಾದ್ ಕೋಟೆಯನ್ನು ಕಟ್ಟಿಸಿದನು. 1799ರಲ್ಲಿ ಅವನು ಮಡಿದ ಬಳಿಕ ಕೆನರಾ ಜಿಲ್ಲೆ ಕಂಪೆನಿ ಸರಕಾರದ ಕೈಸೇರಿತು. 1837ರ ಏಪ್ರಿಲ್‌ನಲ್ಲಿ ಸುಳ್ಯ ಸೀಮೆಯಿಂದ ಹೊರಟ ರೈತರ ದಂಡು ಬಂಟ್ವಾಳ, ಪಾಣೆಮಂಗಳೂರಿನ ದಾರಿಯಾಗಿ ಮಂಗಳೂರಿಗೆ ನುಗ್ಗಿ, ಬಾವುಟಗುಡ್ಡೆಯಲ್ಲಿ ಧ್ವಜವನ್ನೇರಿಸಿತು. ಕಂದಾಯವನ್ನು ಧಾನ್ಯದ ಬದಲು ನಗದಾಗಿ ಕೊಡಬೇಕೆಂಬ ಒತ್ತಾಯ ಈ ದಂಗೆಯ ಕಾರಣಗಳಲ್ಲಿ ಒಂದು. ಬಂಟ್ವಾಳದ ಬಳಿಯ ನಂದಾವರದ ಲಕ್ಷ್ಮಪ್ಪ ಬಂಗರಸನೂ ಇದರಲ್ಲಿ ಸೇರಿ, ಕೊನೆಗೆ ಗಲ್ಲಿಗೇರಿದನು. ಹೊರಗಿನಿಂದ ಬಂದ ಕಂಪೆನಿ ಸೇನೆಯ ಮುಂದೆ ಊರಿನ ಆಯುಧಗಳು ನಿಲ್ಲಲಿಲ್ಲ.

ಆಯುಧ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ 1857ರ ಮಹಾ ದಂಗೆಯ ಅನಂತರ ಸರಕಾರಕ್ಕೆ ಇನ್ನೂ ದೊಡ್ಡದಾಯಿತು. 1878ರ ಆಯುಧ ಕಾಯ್ದೆ ಬಂದಾಗ ಭಾರತೀಯನು ಕೋವಿ ಇಟ್ಟುಕೊಳ್ಳಲು ಪರವಾನಗಿ ಪಡೆಯಬೇಕಾಯಿತು. ಯುರೋಪಿಯನ್ನರಿಗೆ ಆ ಹಂಗಿರಲಿಲ್ಲ. ನೆರೆಯ ಕೊಡಗಿನಲ್ಲಿ ಮಾತ್ರ ಬೇರೆ ವ್ಯವಸ್ಥೆ. ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ನೀಡಿದ ವಿನಾಯಿತಿ ಹಲವು ರೂಪಗಳಲ್ಲಿ ಮುಂದುವರಿದು ಬಂದಿದೆ. ಘಟ್ಟದ ಮೇಲೆ ಒಂದು ನ್ಯಾಯ, ಘಟ್ಟದ ಕೆಳಗೆ ಇನ್ನೊಂದು! ಈ ತಾರತಮ್ಯ ರಾಷ್ಟ್ರೀಯ ಚಳವಳಿಯ ದೂರುಗಳಲ್ಲೂ ಸೇರಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಪೌರರಿಗೆ ಇರಬೇಕೆಂದು ಹೇಳಲಾಗಿತ್ತು.

ಇನ್ನು ಪಿಸ್ತೂಲಿನ ಕಥೆ. ಇದು ಕಾರ್ಖಾನೆಗಳ ಯುಗದ ಶಿಶು. ಅಮೆರಿಕದ ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಎಂಬವನು ಮಾಡುತ್ತಿದ್ದ, ಒಂದೇ ಈಡಿನ ಗಿಡ್ಡ ಪಿಸ್ತೂಲಿನಿಂದಲೇ 1865ರಲ್ಲಿ ಅಧ್ಯಕ್ಷ ಲಿಂಕನ್ನರ ಕೊಲೆಯಾಯಿತು. 1857ರಲ್ಲಿ ಸ್ಮಿತ್ ಮತ್ತು ವೆಸನ್ ಕಂಪೆನಿ .22 ಅಳತೆಯ, ಏಳು ತೋಟೆಗಳ ಪುಟ್ಟ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಇಲ್ಲಿ .22 ಎಂದರೆ ನಳಿಗೆಯ ಒಳ ಅಗಲ ಸುಮಾರು ಒಂದು ಅಂಗುಲದ ನೂರರಲ್ಲಿ 22 ಭಾಗ ಎಂದರ್ಥ.

ನಿಜವಾದ ಬದಲಾವಣೆ ತಂದವನು ಜಾನ್ ಮೋಸೆಸ್ ಬ್ರೌನಿಂಗ್ (1855–1926). ಈತ ಅಮೆರಿಕದವನು, ಆದರೆ ಇವನ ಹಲವು ಪಿಸ್ತೂಲುಗಳು ತಯಾರಾದುದು ಬೆಲ್ಜಿಯಂನ ಲೀಜ್ ನಗರದ ಸಮೀಪದ ಹೆರ್ಸ್ಟಾಲ್ ಕಾರ್ಖಾನೆಯಲ್ಲಿ. 1900ರ ಮಾದರಿ .32 ಅಳತೆಯದು. ಅನಂತರ ಬಂದ .25 ಅಳತೆಯ ಮಾದರಿ, ಅಂದರೆ 6.35 ಮಿಲಿಮೀಟರಿನದು, ಇನ್ನೂ ಚಿಕ್ಕದು. ಅಮೆರಿಕದ ಕೋಲ್ಟ್ ಕಂಪೆನಿ 1908ರಿಂದ ಮಾರಿದ ಇದರ ರೂಪ ನಾಲ್ಕೂವರೆ ಅಂಗುಲ ಉದ್ದ, 400 ಗ್ರಾಂಗಿಂತಲೂ ಕಡಿಮೆ ತೂಕ. ಕೋಟಿನ ಒಳಗಿನ ವೇಸ್ಟ್‌ಕೋಟಿನ ಕಿಸೆಯಲ್ಲಿ ಹಿಡಿಸುತ್ತಿತ್ತು. ಇಷ್ಟು ಚಿಕ್ಕದು ಹೇಗೆ ಸಾಧ್ಯವಾಯಿತು? ತೋಟೆ ಸಿಡಿದಾಗ ಗುಂಡು ಮುಂದಕ್ಕೆ ಹಾರುವಂತೆ, ಅದೇ ಒತ್ತಡ ಮೇಲಿನ ಉಕ್ಕಿನ ಭಾಗವನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಖಾಲಿ ತೋಟೆ ಹೊರಬೀಳುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಮುಂದಕ್ಕೆ ತರುವಾಗ ಹೊಸ ತೋಟೆ ಒಳಸೇರುತ್ತದೆ. ತೋಟೆಯ ಶಕ್ತಿ ಕಡಿಮೆಯಿದ್ದುದರಿಂದಲೇ ಭಾರವಾದ ಬೀಗದ ಏರ್ಪಾಡು ಬೇಕಾಗಲಿಲ್ಲ.

ಈ ಜಾಣ್ಮೆಯ ಫಲ ಮಾತ್ರ ಕಹಿಯಾಗಿತ್ತು. ಗೋಡೆಗೆ ತೂಗುಹಾಕಿದ ಕೋವಿಯನ್ನು ಊರೇ ನೋಡುತ್ತದೆ. ಹೆಗಲಿಗೇರಿಸಿ ಹೊರಟರೆ ದಾರಿಹೋಕನಿಗೂ ತಿಳಿಯುತ್ತದೆ. ಕಿಸೆಯ ಪಿಸ್ತೂಲಿನ ಮುಖ್ಯ ಗುಣವೇ ಕಾಣದಿರುವುದು. ಆದ್ದರಿಂದ ಇಪ್ಪತ್ತನೆಯ ಶತಮಾನದ ರಾಜಕೀಯ ಹತ್ಯೆಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿತು. 1909ರ ಡಿಸೆಂಬರಿನಲ್ಲಿ ನಾಸಿಕದ ಕಲೆಕ್ಟರ್ ಜಾಕ್ಸನ್, 1911ರ ಜೂನ್‌ನಲ್ಲಿ ಮಣಿಯಾಚ್ಚಿ ರೈಲು ನಿಲ್ದಾಣದಲ್ಲಿ ತಿರುನೆಲ್ವೇಲಿಯ ಕಲೆಕ್ಟರ್ ಆಶ್ ಬ್ರೌನಿಂಗ್ ಪಿಸ್ತೂಲಿನ ಗುಂಡಿಗೆ ಬಲಿಯಾದರು. 1914ರಲ್ಲಿ ಸರಯೇವೋದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದದ್ದೂ ಹೆರ್ಸ್ಟಾಲಿನ ಪಿಸ್ತೂಲೇ. ಅದರ ಬೆನ್ನಿಗೆ ಮೊದಲನೆಯ ಮಹಾಯುದ್ಧ ಬಂತು. 1948ರ ಜನವರಿ 30ರಂದು ಗಾಂಧೀಜಿಯವರ ಮೇಲೆ ಹಾರಿದ ಗುಂಡುಗಳು ಇಟಲಿಯ ಬೆರೆಟ್ಟಾ ಎಂಬ ಸಣ್ಣ ಪಿಸ್ತೂಲಿನವು.

ಸ್ವತಂತ್ರ ಭಾರತದ ಆಯುಧ ಕಾಯ್ದೆ 1959ರಲ್ಲಿ ಅಂಗೀಕಾರವಾಗಿ 1962ರಲ್ಲಿ ಜಾರಿಗೆ ಬಂತು. ಇದರಲ್ಲಿ ಜನಾಂಗದ ಭೇದವಿಲ್ಲ. ಆದರೆ ಪರವಾನಗಿಯ ನಿಯಮ ಬಿಗಿಯಾಗಿಯೇ ಇದೆ. 21 ವರ್ಷ ತುಂಬದವರಿಗೆ ಕೋವಿ ಹೊಂದುವ ಪರವಾನಗಿ ದೊರೆಯದು. 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಪರವಾನಗಿದಾರ ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ; ಮೊದಲು ಈ ಮಿತಿ ಮೂರು ಇತ್ತು. ವಂಶಪಾರಂಪರ್ಯವಾಗಿ ಬಂದವೂ ಈ ಲೆಕ್ಕದೊಳಗೇ ಸೇರುತ್ತವೆ. ಹೀಗಾಗಿ ವಿದೇಶಗಳಲ್ಲಿ ಕೆಲವರು ನಾಣ್ಯ ಕೂಡಿಸಿದಂತೆ ಹಳೆಯ ಪಿಸ್ತೂಲುಗಳನ್ನು ಕೂಡಿಸಿ, ಗುರಿಯ ಮೈದಾನದಲ್ಲಿ ಹಾರಿಸಿ ನೋಡುವ ಹವ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ. ನಮ್ಮ ಜಿಲ್ಲೆಯಲ್ಲಿ ಚರ್ಚೆಯಾಗುವುದು ತೋಟದ ಕೋವಿಯ ವಿಷಯವೇ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ, ಅದಕ್ಕೆ ಬೆಳೆಗಾರರ ಆಕ್ಷೇಪ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ.

ಹಾಗಾದರೆ ಅಟ್ಟದ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಪಿಸ್ತೂಲೊಂದು ಸಿಕ್ಕಿದರೆ ಏನು ಮಾಡಬೇಕು? ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ನೆನಪಿಡಬೇಕು. ಮೊದಲನೆಯದಾಗಿ, ಅದನ್ನು ಮುಟ್ಟಬಾರದು. ತುಕ್ಕು ಹಿಡಿದ ಪಿಸ್ತೂಲಿನೊಳಗೂ ತೋಟೆ ಇರಬಹುದು. ಎರಡನೆಯದಾಗಿ, ಹೆದರಿ ಹೊಳೆಗೆ ಎಸೆಯಬಾರದು, ಬಚ್ಚಿಡಲೂ ಬಾರದು. ಹಿರಿಯರ ಮೂಲಕ ಪೊಲೀಸ್ ಠಾಣೆಗೆ ತಿಳಿಸಬೇಕು. ಪರವಾನಗಿ ಇಲ್ಲದಂತಾದ ಆಯುಧವನ್ನು ತಡಮಾಡದೆ ಠಾಣೆಯಲ್ಲಿ ಠೇವಣಿ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ದುರಸ್ತಿ ಮಾಡಿದರೂ ಕೆಲಸಕ್ಕೆ ಬಾರದ, ಪ್ರಾಚೀನ ಮೌಲ್ಯದ ಆಯುಧಗಳಿಗೆ ಕಾಯ್ದೆಯಲ್ಲಿ ವಿನಾಯಿತಿಯೂ ಉಂಟು. ಆದರೆ ಅದು ಅಂಥದೇ ಹೌದೇ ಎಂಬುದನ್ನು ನಿರ್ಧರಿಸುವವರು ನಾವಲ್ಲ, ಅಧಿಕಾರಿಗಳು.

ಠೇವಣಿ ಇಡುವ ಮೊದಲು ಹಿರಿಯರಿಂದ ಅದರ ಕಥೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಯಾರು ತಂದರು, ಎಲ್ಲಿಂದ, ಯಾವ ಉದ್ಯೋಗದಲ್ಲಿದ್ದಾಗ? ಹಳೆಯ ಪರವಾನಗಿ ಪುಸ್ತಕವಿದ್ದರೆ ಜೋಪಾನ ಮಾಡಿ. ಪಿಸ್ತೂಲಿನ ಮೈಮೇಲಿನ ಸಂಖ್ಯೆಯಿಂದ ಅದು ತಯಾರಾದ ಕಾಲವನ್ನು ಗುರುತಿಸಬಹುದು. ಲೀಜ್, ಬರ್ಮಿಂಗ್‌ಹ್ಯಾಮ್ ಮುಂತಾದ ಊರುಗಳ ಪರೀಕ್ಷಾಲಯಗಳು ಒತ್ತಿದ ಮುದ್ರೆಗಳನ್ನು ಬಲ್ಲವರು ಶಾಸನದಂತೆ ಓದುತ್ತಾರೆ. ಮೂಡುಬಿದಿರೆಯ ಜೈನ ಮಠದಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾದಿ ತಾಳೆಗರಿ ಗ್ರಂಥಗಳು ಓದುವವರು ಬಂದ ಮೇಲೆ ತಾನೇ ಲೋಕಕ್ಕೆ ತೆರೆದವು? ವಸ್ತುವಿಗೂ ಅದೇ ಮಾತು. ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯವನ್ನೋ, ಬಂಟ್ವಾಳದ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನೋ ಒಮ್ಮೆ ನೋಡಿ ಬನ್ನಿ. ಹಳೆಯ ವಸ್ತುಗಳು ಊರಿನ ಇತಿಹಾಸವನ್ನು ಹೇಗೆ ಹೇಳುತ್ತವೆ ಎಂಬುದು ಅಲ್ಲಿ ತಿಳಿಯುತ್ತದೆ.

ಸಣ್ಣ ಅಳತೆಯ ಪಿಸ್ತೂಲಿಗೆ ಇಂದು ಬೆಳಕಿನಲ್ಲಿ ನಡೆಯುವ ಒಂದು ಕೆಲಸವೂ ಇದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ 25 ಮೀಟರ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದುದು .22 ಅಳತೆಯ ಪಿಸ್ತೂಲಿನಿಂದ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚುಗಳನ್ನು ಗೆದ್ದರು. ಆಸಕ್ತಿಯಿರುವ ವಿದ್ಯಾರ್ಥಿಗಳು ಮಾನ್ಯತೆ ಪಡೆದ ರೈಫಲ್ ಸಂಸ್ಥೆಯಲ್ಲಿ, ತರಬೇತುದಾರರ ಕಣ್ಣೆದುರಿನಲ್ಲಿ ಗುರಿ ಹಿಡಿಯುವುದನ್ನು ಕಲಿಯಬಹುದು. ಅಡಗಿಸಿಕೊಳ್ಳಲೆಂದೇ ಹುಟ್ಟಿದ ಆಯುಧವು ಅಲ್ಲಿ ಎಲ್ಲರೂ ನೋಡುತ್ತಿರುವಾಗ, ಎಣಿಕೆಯ ಅಂಕಗಳಿಗಾಗಿ ಸಿಡಿಯುತ್ತದೆ.