ಚಾರ್ಲಿ ಪ್ರಿಚರ್ಡ್: ವೇಲ್ಸಿನ ಒಬ್ಬ ಫಾರ್ವರ್ಡ್ ಆಟಗಾರ

ಆಟಗಳ ಚರಿತ್ರೆಯಲ್ಲಿ ಹೆಸರುಳಿಯುವುದು ಸಾಮಾನ್ಯವಾಗಿ ಅಂಕ ಗಳಿಸಿದವನದು. ರಗ್ಬಿ ಆಟದ 'ಫಾರ್ವರ್ಡ್' ಎಂಬ ಮುಂಚೂಣಿಯ ಆಟಗಾರನಿಗೆ ಆ ಭಾಗ್ಯವು ವಿರಳ. ಹದಿನೈದು ಮಂದಿಯ ತಂಡದಲ್ಲಿ ವಾಡಿಕೆಯಂತೆ ಎಂಟು ಮಂದಿ ಇಂಥವರು. ತಲೆ ತಗ್ಗಿಸಿ, ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ಎದುರಾಳಿಗಳ ಗುಂಪನ್ನು ನೂಕುತ್ತ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸರಿಸುವುದು ಇವರ ಕೆಲಸ. ಇದಕ್ಕೆ ಸ್ಕ್ರಮ್ ಎಂದು ಹೆಸರು. ಹಿಂದೆ ನಿಂತವರು ಆ ಚೆಂಡನ್ನೆತ್ತಿಕೊಂಡು ಓಡುವರು. ಚಪ್ಪಾಳೆಯೂ ಅವರಿಗೇ ಸಲ್ಲುವುದು.

ನಾವು ಈ ಹೊತ್ತು ಹೇಳಹೊರಟಿರುವ ಚಾರ್ಲಿ ಪ್ರಿಚರ್ಡನು 1882ರಲ್ಲಿ ವೇಲ್ಸಿನ ನ್ಯೂಪೋರ್ಟ್ ಎಂಬ ರೇವುಪಟ್ಟಣದಲ್ಲಿ ಜನಿಸಿದನು. ಆ ಊರಿನ ತಂಡವೇ ಅವನ ತಂಡ. 1906ರಿಂದ ಮೂರು ಋತುಗಳ ಕಾಲ ಅದಕ್ಕೆ ನಾಯಕನೂ ಆಗಿದ್ದನು. 1904ರಿಂದ 1910ರವರೆಗೆ ವೇಲ್ಸ್ ದೇಶದ ಪರವಾಗಿ ಹದಿನಾಲ್ಕು ಪಂದ್ಯಗಳನ್ನಾಡಿದನು.

ಅವುಗಳಲ್ಲೊಂದು 1905ರ ಡಿಸೆಂಬರ್ 16ರಂದು ಕಾರ್ಡಿಫ್ ನಗರದಲ್ಲಿ ನಡೆಯಿತು. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್ ಮೂರನ್ನೂ ಸೋಲಿಸಿ ಬಂದಿದ್ದ ನ್ಯೂಜಿಲೆಂಡ್ ತಂಡವು ಎದುರಾಳಿ. ಅವರು ಸ್ಕ್ರಮ್ಮಿಗೆ ಏಳು ಮಂದಿಯನ್ನೇ ಇಳಿಸಿ, ಎಂಟನೆಯವನನ್ನು ಹೊರಗೆ ಸ್ವತಂತ್ರವಾಗಿ ಬಿಡುತ್ತಿದ್ದರು. ವೇಲ್ಸ್ ಕೂಡ ಅದೇ ಉಪಾಯವನ್ನು ಹೂಡಿತು. ಆದುದರಿಂದ ಎಂಟು ಜನರ ಭಾರವನ್ನು ಏಳು ಜನರೇ ಹೊರಬೇಕಾಯಿತು. ಆ ಏಳರಲ್ಲಿ ಪ್ರಿಚರ್ಡನೊಬ್ಬ. ನ್ಯೂಜಿಲೆಂಡಿನವರ ಮೊದಲ ಸಾಲಿನಲ್ಲಿ ಇಬ್ಬರೇ ಇರುತ್ತಿದ್ದರು. ಅವರು ತಲೆಯೊಡ್ಡಿದ ಬಳಿಕ ವೇಲ್ಸಿನವರು ತಮ್ಮವನೊಬ್ಬನನ್ನು ಹೊರಮಗ್ಗುಲಿನಲ್ಲಿ ನಿಲ್ಲಿಸಿ, ಚೆಂಡು ಒಳಬರುವ ಕಡೆಗೆ ಅವನ ತಲೆಯೇ ಸಮೀಪವಾಗಿರುವಂತೆ ನೋಡಿಕೊಂಡರು. ಪಂದ್ಯದ ಗೆಲವಿಗೆ ಈ ಸೂಕ್ಷ್ಮವೇ ಮುಖ್ಯ ಕಾರಣವೆಂದು ನಮಗೆ ತೋರುವುದು.

ಮೊದಲರ್ಧದಲ್ಲಿ ಚೆಂಡು ಸ್ಕ್ರಮ್ಮಿನಿಂದ ಹೊರಬಿದ್ದು, ಓವೆನ್, ಪ್ರಿಚರ್ಡ್, ಗೇಬ್ ಇವರ ಕೈದಾಟಿ ಟೆಡ್ಡಿ ಮಾರ್ಗನನಿಗೆ ಸಿಕ್ಕಿತು. ಅವನು ಎಡಮೂಲೆಯಲ್ಲಿ ಗೆರೆ ದಾಟಿದನು. ಮೂರು ಅಂಕ, ಬೇರೆ ಅಂಕವೇ ಇಲ್ಲ. ಇಲ್ಲಿ ಹೇಳಿದ ಪ್ರಿಚರ್ಡನು ನಮ್ಮವನಲ್ಲ, ಕ್ಲಿಫ್ ಎಂಬ ಇನ್ನೊಬ್ಬ. ನಮ್ಮ ಚಾರ್ಲಿ ಆಗ ಸ್ಕ್ರಮ್ಮಿನೊಳಗೆ ತಲೆ ತಗ್ಗಿಸಿದ್ದನು! ನ್ಯೂಜಿಲೆಂಡಿನ ಡೀನ್ಸನು ಗೆರೆ ದಾಟಿದನೋ ಇಲ್ಲವೋ ಎಂಬ ವಿವಾದವು ಇಂದಿಗೂ ಆರಿಲ್ಲ. ಅದು ಬೇರೆಯ ಕಥೆ. ಬ್ರಿಟಿಷ್ ದ್ವೀಪಗಳಲ್ಲಿ ಆ ತಂಡವು ಸೋತುದು ಈ ಒಂದೇ ಪಂದ್ಯವನ್ನು.

ಮೊದಲನೆಯ ಮಹಾಯುದ್ಧದಲ್ಲಿ ಪ್ರಿಚರ್ಡನು ಸೌತ್ ವೇಲ್ಸ್ ಬಾರ್ಡರರ್ಸ್ ದಳದ 12ನೆಯ ಬೆಟಾಲಿಯನ್ನಿನಲ್ಲಿ ಕ್ಯಾಪ್ಟನ್ ಆದನು. ಅದು 'ಬ್ಯಾಂಟಂ' ಪಡೆ. ಐದಡಿ ಮೂರು ಅಂಗುಲದ ಎತ್ತರವಿಲ್ಲವೆಂದು ಸೈನ್ಯವು ಮೊದಲು ನಿರಾಕರಿಸಿದ್ದಂಥ ಕುಳ್ಳರಿಗಾಗಿ ಕಟ್ಟಿದ್ದು. 1916ರ ಆಗಸ್ಟಿನಲ್ಲಿ ಫ್ರಾನ್ಸಿನ ಲೂಸ್ ಬಳಿ, ಶತ್ರುವಿನ ಕಂದಕದಿಂದ ಒಬ್ಬ ಸೆರೆಯಾಳನ್ನು ಹಿಡಿದು ತರಲು ಅವನು ರಾತ್ರಿ ದಾಳಿಯೊಂದನ್ನು ನಡೆಸಿದನು. ಸೆರೆಯಾಳು ಸಿಕ್ಕಿದನು. ಪ್ರಿಚರ್ಡನಿಗೆ ತೀವ್ರ ಗಾಯಗಳಾಗಿ, ಅದೇ ತಿಂಗಳ 14ರಂದು ಆತನು ತೀರಿಕೊಂಡನು, ವಯಸ್ಸು 33. ಕಾರ್ಡಿಫಿನಲ್ಲಿ ಎದುರಾಳಿಗಳ ನಾಯಕನಾಗಿದ್ದ ಗ್ಯಾಲಹರನೂ ಮರುವರ್ಷ ಬೆಲ್ಜಿಯಮ್ಮಿನ ರಣರಂಗದಲ್ಲಿ ಮಡಿದನು. ಪ್ರಿಚರ್ಡನ ಸಮಾಧಿ ಫ್ರಾನ್ಸಿನ ಶೋಕ್ ಗ್ರಾಮದ ಸೈನಿಕ ಸ್ಮಶಾನದಲ್ಲಿದೆ.